ಗಂಗಾ ಕಲ್ಯಾಣದ ಲಿಸ್ಟ್ ಬಗ್ಗೆ ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ಶಾಸಕ ಸಾಹೇಬ್ರಿಗೆ ಶರಣು ಶರಣಾರ್ಥಿ.

ಯಾದಗಿರಿ ಜಿಲ್ಲಾದ ಹಳ್ಳಿಯಿಂದ ಬರೀಲಿಕತ್ತೀನ್ರಿ, ನಿಮ್ಮ ಕ್ಷೇತ್ರದ ಮತದಾರನೇ. ಸಣ್ಣ ರೈತರ ಹೊಲಕ್ಕ ಸರ್ಕಾರ ಬೋರ್ ಹಾಕ್ಸಿಕೊಡೋ ಗಂಗಾ ಕಲ್ಯಾಣ ಯೋಜನಾದಾಗ ಬೋರ್‌ವೆಲ್ ಯಾರಿಗೆ ಅಂತ ಆರಿಸೋ ಕಮಿಟಿಗೆ ಶಾಸಕರೇ ಅಧ್ಯಕ್ಷರು, ಅದಕ್ಕ ಈ ಮಾತು ನಿಮಗೇ ಹೇಳ್ಬೇಕಾಗ್ಯದ.

ನೀವು ರೊಕ್ಕ ತಿಂತೀರಿ ಅಂತ ನಾ ಅನ್ನಂಗಿಲ್ಲ. ನನ್ನ ಚಿಂತಿ ಬ್ಯಾರೆ ಅದ. ಅರ್ಜಿ ರಾಶಿ ಬರ್ತಾವ, ಮಂಜೂರಾಗೋ ಬೋರ್ ಸ್ವಲ್ಪೇ, ಅಲ್ಲಿ ಕುಂತು ಹೆಸರು ಓದುವಾಗ ಒಂದು ಹೆಸರಿಗೆ ಇಂವ ಇಲೆಕ್ಷನ್‌ದಾಗ ನಮ್ಮ ಜೋಡಿ ಓಡಾಡಿದಂವ ಅಂತ ನೆನಪಾಗ್ತದ, ಇನ್ನೊಂದಕ್ಕ ಅವರಪ್ಪ ಆ ಪಾರ್ಟಿಯಾಂವ ಅಂತ ನೆನಪಾಗ್ತದ, ಮೂರನೇ ಹೆಸರಿಗೆ ಯಾರಿಗೂ ಏನೂ ನೆನಪಾಗಂಗಿಲ್ಲ, ಅದು ಹಂಗೇ ಕೆಳಗ ಹೋಗ್ತದ. ಯಾರೂ ಬೇಕಂತ ಅನ್ಯಾಯ ಮಾಡಿರಂಗಿಲ್ಲ. ಆದ್ರ ಆ ಮೂರನೇ ಮನಷ್ಯಾಗ ತೊಗರಿ ಹೂ ಬಿಡೋ ಹೊತ್ತಿಗೆ ಒಂದು ನೀರು ಸಿಕ್ಕಿದ್ರ ಬೆಳಿ ಉಳೀತಿತ್ತು, ಅದು ಹೋಯ್ತು.

ಮನಸ್ಸು ಚಲೋ ಇದ್ರ ಸಾಕಾಗಂಗಿಲ್ರಿ, ಚಲೋ ಮನಷ್ಯಾಗೂ ತನ್ನ ಮಂದಿ ಅಂತ ಇರ್ತಾರ. ಅದಕ್ಕ ಹೆಸರು ತೆಗೆಯೋಕಿಂತ ಮೊದಲು ಯಾರಿಗೆ ಎಷ್ಟು ಹೊಲ, ಮೊದಲೇ ನೀರಾವರಿ ಅದನೋ ಇಲ್ಲೋ, ಮನಿಯಾಗ ಯಾರರ ಹಿಂದ ಸೌಲಭ್ಯ ತಗೊಂಡಾರೋ ಅಂತ ನೋಡೋ ಅಳತಿ ಪಕ್ಕಾ ಮಾಡ್ರಿ, ಆಮ್ಯಾಗ ಹೆಸರು ಓದ್ರಿ. ಕಮಿಟಿಯವರ ಬೀಗರದೋ ಅಣ್ತಮ್ಮರದೋ ಅರ್ಜಿ ಬಂದ್ರ ಆ ಹೊತ್ತಿಗೆ ಅವರು ಎದ್ದು ಹೊರಗ ಹೋಗ್ಲಿ, ನೀವಾದ್ರೂ ಅಷ್ಟೇ.

ಆಮ್ಯಾಗ ಲಿಸ್ಟೂ ಕಾರಣನೂ ಮಂದಿ ಮುಂದ ಇಡ್ರಿ. ಇದು ನಾ ಹೊಸದಾಗಿ ಕೇಳೋದಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ 4ನೇ ಸೆಕ್ಷನ್ ಪ್ರಕಾರ ಸಬ್ಸಿಡಿ ಫಲಾನುಭವಿಗಳ ವಿವರ ಸರ್ಕಾರನೇ ಹೊರಗ ಹಾಕ್ಬೇಕು, ನಿರ್ಧಾರದಿಂದ ಯಾರಿಗೆ ತೊಂದ್ರಿ ಆಗ್ತದೋ ಅವರಿಗೆ ಕಾರಣನೂ ಹೇಳ್ಬೇಕು. ಕಾರಣ ಬರೀಬೇಕಂದ್ರ ಕೈ ತಾನೇ ತಡೀತದ, ಯಾಕಂದ್ರ 'ನಮ್ಮಾಂವ' ಅಂತ ಕಾಗದದ ಮ್ಯಾಲ ಬರ್ಯಾಕ ಬರಂಗಿಲ್ಲ.

ಬೆಂಗಳೂರಿನವರು ನಮ್ಮ ಕಡಿ ನೋಡಂಗಿಲ್ಲ ಅಂತ ನಮ್ಮ ಮಂದಿ ಎಷ್ಟೋ ವರ್ಷ ಹೋರಾಡಿ ಸಂವಿಧಾನದಾಗ ನಮ್ಮ ಕಲ್ಯಾಣ ಕರ್ನಾಟಕಕ್ಕಂತ 371(ಜೆ) ಕಲಂ ತಂದ್ರು. ಅನುದಾನ ನ್ಯಾಯವಾಗಿ ಹಂಚ್ಬೇಕು, ನಮ್ಮ ಭಾಗದ ಅಭಿವೃದ್ಧಿ ಮಂಡಳಿ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆ ಮುಂದ ಇಡ್ಬೇಕು ಅಂತ ಅದರಾಗೇ ಬರದಾದ. ಅವರಿಂದ ನಾವು ಲೆಕ್ಕ ಕೇಳ್ತೀವಿ, ಹಂಗಿದ್ಮ್ಯಾಲ ನಮ್ಮ ಊರಾಗ ಹಂಚುವಾಗ ನಾವೂ ಲೆಕ್ಕ ಕೊಡ್ಬೇಕಲ್ರಿ?

ಈ ಸಲ ಆಯ್ಕೆ ಆದವರ ಲಿಸ್ಟ್ ಜೋಡಿ ಕೈಬಿಟ್ಟವರ ಲಿಸ್ಟೂ ಕಾರಣ ಸಮೇತ ಪಂಚಾಯ್ತಿ ಬೋರ್ಡಿಗೆ ಹಚ್ಚಸ್ರಿ. ಅದರಾಗ ನಮ್ಮ ಮನಿಯವರ ಹೆಸರಿದ್ರೂ, ಕಾರಣ ಸರಿ ಇದ್ರ ನಾ ಒಪ್ಕೋತೀನಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ರೈತ