ಕೊನೆಯ ಪುಟದಿಂದ ಓದಿದೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಲೇಖನದ ಕರಡು ತಲುಪಿತು. ವಾದ ಗಟ್ಟಿಯಾಗಿದೆಯೇ ಎಂದು ಕೇಳಿದ್ದೀಯೆ. ಅದನ್ನು ನಿನ್ನ ಮಾರ್ಗದರ್ಶಕರು ಹೇಳಲಿ. ನಾನು ಹಳೆಯ ಚಾಳಿಯಂತೆ ಕೊನೆಯ ಪುಟದಿಂದ, ಅಂದರೆ ನೀನು ಬಳಸಿದ ಗ್ರಂಥ-ಲೇಖನಗಳ ಪಟ್ಟಿಯಿಂದ ಶುರುಮಾಡಿ ಅಲ್ಲಿಯೇ ಸಿಕ್ಕಿಹಾಕಿಕೊಂಡೆ. ಒಳಗೆ ನೀನು ಉಲ್ಲೇಖಿಸಿದ ಮೂವರು ಲೇಖಕರು ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವ ಇಬ್ಬರ ಸುದ್ದಿ ಲೇಖನದಲ್ಲಿ ಎಲ್ಲಿಯೂ ಇಲ್ಲ. ಕರೆಯದೆ ಬಂದ ನೆಂಟರಂತೆ ಸುಮ್ಮನೆ ಕುಳಿತಿದ್ದಾರೆ. ಇನ್ನೊಬ್ಬರ ಹೆಸರು ಎರಡು ಕಡೆ ಎರಡು ಬಗೆ.

‘ಫಾರ್ಮ್ಯಾಟಿಂಗ್ ಕೊನೆಗೆ ಮಾಡುತ್ತೇನೆ’ ಎಂದಿದ್ದೀಯೆ. ಮಾಡು. ಅಲ್ಪವಿರಾಮ ಎಲ್ಲಿ, ಇಟಾಲಿಕ್ ಎಲ್ಲಿ ಎಂಬುದು ನನ್ನ ಚಿಂತೆಯಲ್ಲ. ಅಮೆರಿಕದ ಮನೋವಿಜ್ಞಾನ ಸಂಘದ ಉಲ್ಲೇಖ ಕ್ರಮವಾದ ಎಪಿಎ ಶೈಲಿ 1929ರಲ್ಲಿ ಏಳು ಪುಟಗಳ ಲೇಖನವಾಗಿ ಹುಟ್ಟಿದ್ದು. ಈಗಿನ ಏಳನೆಯ ಆವೃತ್ತಿ ನಾನೂರು ಪುಟ ದಾಟಿದೆ. ಇಷ್ಟು ಬೆಳೆದೂ ಅದು ಪ್ರಕಾಶಕರ ಊರಿನ ಹೆಸರನ್ನು ಕೈಬಿಟ್ಟಿದೆ. ಆ ಊರು ಬಿಟ್ಟುಹೋಯಿತೆಂದು ನನ್ನ ಹಾಳೆಗಳ ಮೇಲೆ ಎಷ್ಟು ಕೆಂಪು ಗೆರೆ ಬಿದ್ದಿದ್ದವೋ! ಇಂಥ ನಿಯಮಗಳನ್ನು ಪಟ್ಟಿ ತಯಾರಿಸುವ ತಂತ್ರಾಂಶವಾದ ಜೋಟೆರೊ ನೋಡಿಕೊಳ್ಳುತ್ತದೆ. ಆದರೆ ಅದು ನೀನು ತುಂಬಿದ್ದನ್ನು ಜೋಡಿಸುತ್ತದೆಯೇ ಹೊರತು ಯೋಚಿಸುವುದಿಲ್ಲ. ಸಂಸ್ಥೆಯ ಹೆಸರನ್ನು ವ್ಯಕ್ತಿಯ ಜಾಗದಲ್ಲಿ ಹಾಕಿದರೆ ಅದಕ್ಕೂ ಕುಲನಾಮ ಹುಡುಕುತ್ತದೆ. ನಿನ್ನ ಹನ್ನೊಂದನೆಯ ನಮೂದಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ‘ಸಂಸ್ಥೆ, ವಿ. ಆ.’ ಆಗಿದೆ, ನೋಡಿಕೊ. ನಕ್ಕು ಸಾಕಾಯಿತು.

ನನ್ನ ಚಿಂತೆ ಬೇರೆ. ಈ ಪಟ್ಟಿಗೆ ಕನ್ನಡದಲ್ಲಿ ಗ್ರಂಥಋಣ ಎಂಬ ಹೆಸರೂ ಉಂಟು. ಸಾಲ ಎಂದ ಮೇಲೆ ಯಾರಿಂದ ಪಡೆದೆ, ಎಷ್ಟು ಪಡೆದೆ ಎಂಬುದನ್ನು ಪಡೆದ ದಿನವೇ ಬರೆದಿಡಬೇಕು. ನಾನು ಬರೆದಿಡಲಿಲ್ಲ, ಅನುಭವಿಸಿದೆ.

ನನ್ನ ಮಹಾಪ್ರಬಂಧದ ಹೊತ್ತಿಗೆ ಟೈಪ್‌ರೈಟರ್ ಕಾಲ. ಅಡಿಟಿಪ್ಪಣಿಯಲ್ಲಿ ಗ್ರಂಥದ ವಿವರವನ್ನು ಒಮ್ಮೆ ಪೂರ್ತಿ ಕೊಟ್ಟು, ಆಮೇಲೆ ‘ಅದೇ, ಪುಟ 46’, ‘ಅದೇ, ಪುಟ 52’ ಎಂದು ಇಳಿಸಿಕೊಂಡು ಹೋಗಿದ್ದೆ. ಕೊನೆಯ ಗಳಿಗೆಯಲ್ಲಿ ನಡುವೆ ಒಂದು ಹೊಸ ಟಿಪ್ಪಣಿ ತುರುಕಿದೆ. ಕೆಳಗಿದ್ದ ‘ಅದೇ’ಗಳೆಲ್ಲ ಆ ಹೊಸ ಪುಸ್ತಕದ ಪಾಲಾದವು. ಅದೋ ನಲವತ್ತು ಪುಟದ ಕಿರುಹೊತ್ತಿಗೆ. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಆ ಹೊತ್ತಿಗೆಯನ್ನು ಮೇಜಿನ ಮೇಲಿಟ್ಟು, ‘ಐವತ್ತೆರಡನೆಯ ಪುಟ ತೋರಿಸಿಯಮ್ಮ’ ಎಂದರು. ಸರಿಯಾದ ಪುಸ್ತಕ ಯಾವುದು ಎಂದು ಹೇಳೋಣವೆಂದರೆ ಚೀಟಿಯಲ್ಲಿ ನಾನು ಪುಟಸಂಖ್ಯೆಯನ್ನಷ್ಟೇ ಗೀಚಿಕೊಂಡಿದ್ದೆ. ಉಲ್ಲೇಖದ ನಿಯಮಗಳನ್ನು ಹೇಳುವ ಶಿಕಾಗೊ ಕೈಪಿಡಿಯ 2017ರ ಆವೃತ್ತಿಯು ‘ಅದೇ’ಗಿಂತ ಲೇಖಕರ ಹೆಸರುಳ್ಳ ಸಂಕ್ಷಿಪ್ತ ಉಲ್ಲೇಖವೇ ಲೇಸು ಎಂದಾಗ, ತಡವಾಗಿಯಾದರೂ ನನಗೆ ನ್ಯಾಯ ಸಿಕ್ಕಿತು ಎನಿಸಿತು.

ಇನ್ನು, ಪಡೆಯದ ಸಾಲವನ್ನು ಬರೆದುಕೊಳ್ಳುವವರ ವಿಚಾರ. ಒಂದು ದೊಡ್ಡ ಪ್ರಕಾಶನ ಸಂಸ್ಥೆ ಲೇಖಕರಿಗೆ ಪಟ್ಟಿಯ ಕ್ರಮ ತೋರಿಸಲು ಒಂದು ಕಾಲ್ಪನಿಕ ನಮೂದನ್ನು ಮಾದರಿಯಾಗಿ ಕೊಟ್ಟಿತ್ತು. ವೈಜ್ಞಾನಿಕ ಲೇಖನ ಬರೆಯುವ ಕಲೆ ಎಂಬರ್ಥದ ಶೀರ್ಷಿಕೆ, ಇಸವಿ 2000, ಸಂಪುಟ 163, ಪುಟ 51ರಿಂದ 59. ಅಂಥ ಲೇಖನವೇ ಇಲ್ಲ. ಆದರೂ ಅದು ನೂರಾರು ಪ್ರಬಂಧಗಳ ಪಟ್ಟಿಯಲ್ಲಿ ಹೋಗಿ ಕುಳಿತಿತು. ಬಹುಪಾಲು ಜನ ಮಾದರಿಯನ್ನು ಅಳಿಸಲು ಮರೆತವರಿರಬೇಕು. ಬರೆದವರೂ ನೋಡಲಿಲ್ಲ, ಪರಿಶೀಲಿಸಿದವರೂ ನೋಡಲಿಲ್ಲ. ಈಗ ಚಾಟ್‌ಜಿಪಿಟಿಯಂಥವು ಇಲ್ಲದ ಲೇಖನಕ್ಕೆ ಇರುವ ಪತ್ರಿಕೆಯ ಹೆಸರು, ಸಂಪುಟ, ಡಿಒಐ (ಅಂತರಜಾಲದಲ್ಲಿ ಲೇಖನವನ್ನು ತೆರೆಯುವ ಕಾಯಂ ಗುರುತುಸಂಖ್ಯೆ) ಎಲ್ಲವನ್ನೂ ಅಂಟಿಸಿ ಕೊಡುವುದುಂಟು. ಆದ್ದರಿಂದ ಡಿಒಐ ತೆರೆದುಕೊಂಡಿತು ಎಂದು ತೃಪ್ತಿಪಡಬೇಡ. ತೆರೆದ ಪುಟದ ಶೀರ್ಷಿಕೆಯೂ ಲೇಖಕರೂ ನಿನ್ನ ನಮೂದಿನವರೇ ಎಂದು ನೋಡು. ಅಲ್ಲಿ ಲೇಖನವನ್ನು ಹಿಂತೆಗೆದುಕೊಂಡ ಸೂಚನೆ ಇದ್ದರೆ ಅದೂ ಕಣ್ಣಿಗೆ ಬೀಳುತ್ತದೆ.

ಇನ್ನೊಬ್ಬರ ಲೇಖನದಲ್ಲಿ ಕಂಡ ಮಾತನ್ನು ಮೂಲ ಓದದೆ ಬಳಸಬೇಕಾದಾಗ ಸಂಕೋಚ ಬೇಡ. ಒಳಗೆ ಮೂಲ ಲೇಖಕರನ್ನು ಹೆಸರಿಸಿ, ಯಾರ ಮೂಲಕ ಪಡೆದೆ ಎಂದು ಹೇಳು. ಪಟ್ಟಿಯಲ್ಲಿ ನೀನು ಓದಿದ್ದನ್ನು ಮಾತ್ರ ಹಾಕು. ಮೂಲ ಕೈಗೆಟುಕುವಂತಿದ್ದರೆ ಅದನ್ನೇ ಓದು. ನಾನು ಹಾಗೆ ಹುಡುಕಿಕೊಂಡು ಹೋದಾಗ ಮೂಲದಲ್ಲಿ ತದ್ವಿರುದ್ಧವಾದ ಮಾತು ಇದ್ದದ್ದೂ ಉಂಟು.

ಈಗ ಒಂದು ಕೆಲಸ ಮಾಡು. ಪಟ್ಟಿಯನ್ನು ಮುದ್ರಿಸಿಕೊಂಡು, ನೀನು ತೆರೆದು ಓದಿದ ಪ್ರತಿಯೊಂದಕ್ಕೂ ಪೆನ್ಸಿಲ್ಲಿನಲ್ಲಿ ಗುರುತು ಹಾಕು. ಗುರುತಿಲ್ಲದವು ಎಷ್ಟೆಂದು ನನಗೆ ಹೇಳಬೇಕಾಗಿಲ್ಲ. ಹದಿನೇಳನೆಯದರ ಬಗ್ಗೆ ಮಾತ್ರ ಬರೆ: ಆ ಪತ್ರಿಕೆಯ ಆ ಸಂಪುಟವನ್ನು ನಿನ್ನೆ ಸಂಜೆಯೆಲ್ಲ ಹುಡುಕಿದೆ, ಸಿಗಲಿಲ್ಲ. ನಿನಗೆ ಎಲ್ಲಿ ಸಿಕ್ಕಿತು?

ನಿನ್ನ ದೊಡ್ಡಮ್ಮ