ಸುಲಿಯುವ ಯಂತ್ರಕ್ಕೆ ಸ್ಟಾರ್ಟರ್ ಕೊಳ್ಳುವ ಮುನ್ನ

ತೀರ್ಥಹಳ್ಳಿ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅಡಿಕೆ ಸುಲಿಯುವ ಯಂತ್ರ ತಂದಿದ್ದು ಸಂತೋಷ. ಆದರೆ ಅದಕ್ಕೆ ಅಟ್ಟದ ಮೇಲಿರುವ ಹಳೆಯ ತಿರುಗಿಸುವ ಸ್ವಿಚ್ಚೇ ಸಾಕು ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಹಳೆಯ ಯಂತ್ರಕ್ಕೂ ಅಂಥದೇ ಸ್ವಿಚ್ ಇತ್ತು. ಒಂದು ಮಧ್ಯಾಹ್ನ ಕರೆಂಟು ಹೋಗಿ ಯಂತ್ರ ನಿಂತಿತು. ಸ್ವಿಚ್ಚನ್ನು ಯಾರೂ ಆರಿಸಲಿಲ್ಲ. ಸಿಕ್ಕಿಕೊಂಡ ಸಿಪ್ಪೆ ತೆಗೆಯಲು ಕೆಲಸದವನು ಕೈ ಹಾಕಿದ್ದ, ಅಷ್ಟರಲ್ಲಿ ಕರೆಂಟು ಬಂತು. ಎರಡು ಬೆರಳುಗಳ ತುದಿ ಹೋಯಿತು. ತಪ್ಪು ಅವನದಲ್ಲ, ನನ್ನದು. ಇಂದಿಗೂ ಅವನು ಎಲೆ ಅಡಿಕೆಗೆ ಕೈ ಚಾಚಿದಾಗ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ಆದ್ದರಿಂದ ಕಾಂಟ್ಯಾಕ್ಟರ್ (ಕರೆಂಟಿನ ಬಲದಿಂದಲೇ ಹಿಡಿದು ನಿಲ್ಲುವ ಸ್ವಿಚ್) ಇರುವ, ಗುಂಡಿ ಒತ್ತುವ ಸ್ಟಾರ್ಟರನ್ನೇ ತೆಗೆದುಕೋ. ಕರೆಂಟು ಹೋದೊಡನೆ ಅದು ಬಿಟ್ಟುಕೊಳ್ಳುತ್ತದೆ. ಮತ್ತೆ ಹಸಿರು ಗುಂಡಿ ಒತ್ತುವವರೆಗೆ ಮೋಟಾರು ತಿರುಗುವುದಿಲ್ಲ. ಕರೆಂಟು ಬಂದೊಡನೆ ತಾನಾಗೇ ಮೋಟಾರು ತಿರುಗಿಸುವ, ತೋಟದ ಪಂಪಿಗೆ ಹಾಕುವ ಆಟೋ ಸ್ಟಾರ್ಟರ್ ಇಲ್ಲಿ ಬೇಡವೇ ಬೇಡ. ಅಡಿಕೆ ಸುರಿಯುವವನ ಕೈಗೆ ಎಟಕುವಂತೆ, ಒತ್ತಿದರೆ ಹಾಗೇ ಕಚ್ಚಿಕೊಂಡು ನಿಲ್ಲುವ ಕೆಂಪು ಅಣಬೆ ಗುಂಡಿಯನ್ನೂ ಹಾಕಿಸು.

ಕಾಂಟ್ಯಾಕ್ಟರಿನ ಮೇಲೆ ಎಸಿ-1ಕ್ಕೆ 25 ಆಂಪಿಯರ್, ಎಸಿ-3ಕ್ಕೆ 9 ಎಂದು ಎರಡು ಅಂಕಿ ಇದ್ದರೆ ಗಾಬರಿಯಾಗಬೇಡ. ಎಸಿ-1 ಹೀಟರಿನಂಥ ಹೊರೆಗೆ, ಮೋಟಾರಿಗೆ ಲೆಕ್ಕ ಎಸಿ-3ರದು. ನಿನ್ನ 5 ಎಚ್‌ಪಿ ಮೂರು ಫೇಸಿನ ಮೋಟಾರು ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತದೆ. 9 ಸಾಕಾದೀತು, ನಾನಾದರೆ 12ರದನ್ನೇ ಹಾಕುತ್ತೇನೆ. ವೋಲ್ಟೇಜ್ ಇಳಿದಾಗ ಮೋಟಾರು ಇನ್ನೂ ಹೆಚ್ಚು ಎಳೆಯುತ್ತದೆ. ಮಿತಿಮೀರಿ ಕರೆಂಟು ಎಳೆದರೆ ಮೋಟಾರನ್ನು ಆರಿಸುವ ಓವರ್‌ಲೋಡ್ ರಿಲೇಯನ್ನು ಮಾತ್ರ ಮೋಟಾರಿನ ಫಲಕದಲ್ಲಿರುವ ಆಂಪಿಯರಿಗೇ ನಿಲ್ಲಿಸು. ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ಮೇಲಕ್ಕೆ ತಿರುಗಿಸಿದವರ ಮೋಟಾರು ಸುಟ್ಟಿದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನು ಸ್ಟಾರ್ಟರ್ ಕೂರುವ ಪೆಟ್ಟಿಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ನಮ್ಮದು ಅದರ ಮಗ್ಗುಲಿನ ಊರು. ನಾನು ಮೊದಲು ಹಾಕಿಸಿದ್ದು ತಗಡಿನ ಪೆಟ್ಟಿಗೆ, ಕೇಬಲ್ ಮೇಲಿನಿಂದ ಇಳಿದಿತ್ತು. ಮಳೆಗಾಲ ಕಳೆದು ನವರಾತ್ರಿಗೆ ತೆರೆದರೆ ಟರ್ಮಿನಲ್‌ಗಳ ತುಂಬ ಹಸಿರು ಕಿಲುಬು, ಮೂಲೆಯಲ್ಲಿ ಇರುವೆಯ ಮಣ್ಣು, ಎರಡು ಫೇಸುಗಳ ನಡುವೆ ಸೀದು ಒಣಗಿದ ಹಲ್ಲಿ. ನೀರು ಕೇಬಲನ್ನೇ ಹಿಡಿದು ಒಳಗಿಳಿದಿತ್ತು. ಕೇಬಲ್ ಯಾವಾಗಲೂ ಕೆಳಗಿನಿಂದಲೇ, ತೂತಿನ ಸಂದು ಮುಚ್ಚುವ ಗ್ಲ್ಯಾಂಡ್ ಬಿಗಿದೇ ಒಳಹೋಗಲಿ. ಅದಕ್ಕೂ ಮುಂಚೆ ಒಂದು ಬಾಗು ಕೆಳಕ್ಕೆ ಜೋತಿರಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಬಳಸದ ತೂತುಗಳನ್ನೆಲ್ಲ ಮುಚ್ಚಿಸು.

ಪೆಟ್ಟಿಗೆಯ ಮೇಲೆ ಐಪಿ 65 ಎಂದಿರಲಿ. ಮೊದಲ ಅಂಕಿ ಪೆಟ್ಟಿಗೆ ಧೂಳನ್ನು ಎಷ್ಟು ತಡೆಯುತ್ತದೆಂದು ಹೇಳುತ್ತದೆ, ಎರಡನೆಯದು ನೀರನ್ನು. ಐಪಿ 55 ಆದರೆ ಸಣ್ಣ ಧೂಳು ಸ್ವಲ್ಪ ಒಳನುಗ್ಗುತ್ತದೆ, ಸಿಪ್ಪೆಯ ನಾರಿನ ನಡುವೆ ಅದು ನನಗೆ ಒಪ್ಪಿಗೆಯಿಲ್ಲ. ತುಕ್ಕು ಹಿಡಿಯದ ಪಾಲಿಕಾರ್ಬೊನೇಟ್ ಪೆಟ್ಟಿಗೆ ನಮ್ಮ ಹವೆಗೆ ಒಳ್ಳೆಯದು. ಆದರೂ ಅಡಿಕೆ ಬೇಯಿಸುವ ಹಂಡೆಯ ಹತ್ತಿರ ಯಾವ ಪೆಟ್ಟಿಗೆಯನ್ನೂ ತೂಗುಹಾಕಬೇಡ. ಐಪಿ ಅಂಕಿ ಒಳಗೇ ಬೆವರುವ ಹಬೆಯ ಲೆಕ್ಕ ಹೇಳುವುದಿಲ್ಲ. ಹಗಲಿನ ಕಾವು, ಇರುಳಿನ ಥಂಡಿಗೆ ಒಳಗೆ ಹನಿ ಕಟ್ಟುತ್ತದೆ.

ಮೋಟಾರಿನ ಫಲಕದ ಫೋಟೊ ತೆಗೆದು ಕಳುಹಿಸು. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಸ್ಟಾರ್ಟರ್ ಎಲ್ಲಿ ಕೂರಬೇಕೆಂದು ಗೋಡೆಯ ಮೇಲೆ ಇಬ್ಬರೂ ಸೇರಿ ಗೀಟು ಹಾಕೋಣ. ಅಲ್ಲಿಯವರೆಗೆ ಯಂತ್ರಕ್ಕೆ ಕರೆಂಟು ಕೊಡಬೇಡ.

ನಿನ್ನ ದೊಡ್ಡಪ್ಪ