ಮೂರು ಗಂಟೆಯ ಬಸ್ಸು, ಎರಡು ಗಂಟೆಯ ಹಸಿವು

ಮಾನ್ಯ ಸಂಪಾದಕರೇ,

ಕೊಡಗಿಗೆ ರೈಲಿಲ್ಲ. ಹೆರಿಗೆಗೆಂದು ತವರಿಗೆ ಬಂದವಳು ಮೂರನೆಯದೋ ಐದನೆಯದೋ ತಿಂಗಳಲ್ಲಿ ಗಂಡನ ಮನೆಗೆ ಹೊರಟರೂ, ಮಗುವನ್ನು ಮೈಸೂರಿನಲ್ಲೋ ಮಂಗಳೂರಿನಲ್ಲೋ ತಜ್ಞರಿಗೆ ತೋರಿಸಬೇಕಾದರೂ ರಸ್ತೆಯೇ ಗತಿ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಎಲ್ಲೂ ತಡವಾಗದಿದ್ದರೂ ಬಸ್ಸಿಗೆ ಮೂರು ಗಂಟೆ ಬೇಕು. ಮಂಗಳೂರಿನ ದಾರಿ ಇನ್ನೂ ಉದ್ದ, ಜೊತೆಗೆ ಸಂಪಾಜೆ ಘಾಟಿಯ ತಿರುವುಗಳು. ಎಳೆಗೂಸು ದಿನಕ್ಕೆ ಎಂಟರಿಂದ ಹನ್ನೆರಡು ಸಲ, ಅಂದರೆ ಎರಡು ಮೂರು ಗಂಟೆಗೊಮ್ಮೆ ಹಾಲು ಕುಡಿಯುತ್ತದೆ. ದಾರಿಯಲ್ಲಿ ಒಮ್ಮೆಯಾದರೂ ಹಾಲೂಡಿಸದೆ ಈ ಪ್ರಯಾಣ ಮುಗಿಯುವುದಿಲ್ಲ. ಬಸ್ ನಿಲ್ದಾಣ ಕಟ್ಟುವವರೂ ನೋಡಿಕೊಳ್ಳುವವರೂ ಈ ಸಣ್ಣ ಲೆಕ್ಕವನ್ನು ಮೊದಲು ಹಾಕಬೇಕು.

ನಿಲ್ದಾಣದಲ್ಲಿ ಹಾಲೂಡಿಸಲು ಮರೆಯ ಜಾಗ ಸಿಗದ ತಾಯಿ ಅದನ್ನು ಮುಂದೂಡುತ್ತಾಳೆ. ಶೌಚಾಲಯಕ್ಕೆ ಹೋಗಬೇಕಾದೀತೆಂದು ತಾನು ನೀರು ಕುಡಿಯುವುದನ್ನೂ ಬಿಡುತ್ತಾಳೆ. ಎದೆ ಬಿಗಿಯುತ್ತದೆ. ಬಿಗಿದ ಎದೆಯನ್ನು ಕೂಸು ಬಾಯಿ ತುಂಬ ಹಿಡಿಯಲಾರದೆ ತೊಟ್ಟಿನ ತುದಿಯನ್ನಷ್ಟೇ ಚೀಪುತ್ತದೆ, ತೊಟ್ಟು ಬಿರಿಯುತ್ತದೆ. ಮರುದಿನ ಚಳಿಜ್ವರ, ಎದೆಯ ಒಂದು ಭಾಗ ಕೆಂಪಾಗಿ ಗಟ್ಟಿ. ಆಗ ಮನೆಯ ಹಿರಿಯರು ಹಾಲು ಕೊಡಬೇಡ ಎನ್ನುವುದುಂಟು. ಅದು ತಪ್ಪು ಸಲಹೆ. ಕೂಸು ಕುಡಿಯುತ್ತಿರಬೇಕು, ವೈದ್ಯರಿಗೂ ತೋರಿಸಬೇಕು. ಹಾಲು ಒಳಗೇ ನಿಂತರೆ ಕೀವು ಕಟ್ಟುವ ಅಪಾಯ ಹೆಚ್ಚು. ಮುಂದಿನ ಪ್ರಯಾಣದ ಹೊತ್ತಿಗೆ ಚೀಲದಲ್ಲಿ ಬಾಟಲಿ, ಹಾಲಿನ ಪುಡಿ, ಫ್ಲಾಸ್ಕು ಸೇರಿರುತ್ತವೆ. ಪುಡಿ ಹಾಲು ಕ್ರಿಮಿರಹಿತವಲ್ಲ. ಅದನ್ನು ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಕದಡಿ, ಆರಿಸಿ ಕುಡಿಸಬೇಕು. ಫ್ಲಾಸ್ಕಿನ ಉಗುರುಬೆಚ್ಚಗಿನ ನೀರು ಕ್ರಿಮಿಗಳನ್ನು ಕೊಲ್ಲುವುದಿಲ್ಲ, ಬೆಳೆಸುತ್ತದೆ. ಬಾಟಲಿಯ ರಬ್ಬರನ್ನು ನಿಲ್ದಾಣದ ನಲ್ಲಿಯಲ್ಲಿ ತೊಳೆದು ಮತ್ತೆ ಬಳಸಿದರೆ ಎರಡೇ ದಿನದಲ್ಲಿ ಭೇದಿ ಕಾಣಿಸಿಕೊಳ್ಳಬಹುದು. ಒಂದು ಕುರ್ಚಿ, ಒಂದು ಬಾಗಿಲು ಇಲ್ಲದ್ದರಿಂದ ಶುರುವಾದ ತೊಂದರೆ ಇಲ್ಲಿಗೆ ಬಂದು ಮುಟ್ಟುತ್ತದೆ.

ಹಾಲು ಹಿಂಡಿ ಒಯ್ಯಬಹುದು. ಆದರೆ ಅದಕ್ಕೂ ಮಿತಿಯಿದೆ. ಮುಚ್ಚಳವಿರುವ ಸ್ಟೀಲ್ ಡಬ್ಬಿಯನ್ನು ನೀರಿನಲ್ಲಿ ಕುದಿಸಿ ಆರಿಸಿ, ಅದರಲ್ಲಿಟ್ಟ ಎದೆಹಾಲು 25 ಡಿಗ್ರಿಯೊಳಗೆ ನಾಲ್ಕು ಗಂಟೆ ಕೆಡುವುದಿಲ್ಲ. ಮಡಿಕೇರಿಯ ಬೆಳಗಿಗೆ ಈ ಲೆಕ್ಕ ಸರಿ. ಘಾಟಿ ಇಳಿದು ಸುಳ್ಯ ದಾಟಿದ ಮೇಲೆ ಸೆಖೆಗೆ ಅದು ನಡೆಯುವುದಿಲ್ಲ. ಐಸ್ ಪ್ಯಾಕ್ ಇಟ್ಟ ಡಬ್ಬಿಯೇ ಬೇಕು. ತಣ್ಣಗಿನ ಹಾಲನ್ನು ಒಲೆಯ ಮೇಲಿಡದೆ, ಬಿಸಿನೀರಿನ ಲೋಟದಲ್ಲಿ ಡಬ್ಬಿಯನ್ನು ನಿಲ್ಲಿಸಿ ಬೆಚ್ಚಗೆ ಮಾಡಬೇಕು. ಕುಡಿದು ಮಿಕ್ಕಿದ್ದನ್ನು ಎರಡು ಗಂಟೆಯಾದ ಮೇಲೆ ಚೆಲ್ಲಬೇಕು. ಬಾಟಲಿಗಿಂತ ಒಳಲೆಯೋ (ಹಾಲೂಡಿಸುವ ಸಣ್ಣ ಬಟ್ಟಲು) ಚಮಚವೋ ಮೇಲು, ಮೂಲೆಯಿಲ್ಲದ್ದರಿಂದ ಪೂರ್ತಿ ತೊಳೆಯಬಹುದು. ಆದರೆ ಓಡುವ ಬಸ್ಸಿನಲ್ಲಿ ಒಳಲೆ ಹಿಡಿಯಬಾರದು. ಒಂದು ಕುಲುಕಿಗೆ ಹಾಲು ಶ್ವಾಸನಾಳಕ್ಕೆ ಹೋಗಬಹುದು.

ಹಾಲುಣಿಸುವ ಕೊಠಡಿಯೆಂದರೆ ಬಾಗಿಲ ಮೇಲಿನ ಬೋರ್ಡಲ್ಲ. ಆರಡಿಗೆ ಎಂಟಡಿ ಜಾಗ ಸಾಕು. ಒಳಗಿನಿಂದ ಹಾಕುವ ಚಿಲಕ ಇರಬೇಕು. ಕೈಗಳಿರುವ, ಬೆನ್ನಾನಿಸುವ ಎರಡು ಕುರ್ಚಿ ಬೇಕು. ಕಲ್ಲುಬೆಂಚು ಬೇಡ, ಹೊಟ್ಟೆ ಕೊಯ್ದು ಹೆರಿಗೆಯಾದವರಿಗೆ ಆಸರೆಯಿಲ್ಲದೆ ಕೂರುವುದೂ ಏಳುವುದೂ ನೋವು. ಕಾಲಿಡಲು ಗೇಣೆತ್ತರದ ಮಣೆಯಿದ್ದರೆ ಕೂಸು ಎದೆಯ ಮಟ್ಟಕ್ಕೆ ತಾನೇ ಬರುತ್ತದೆ, ತಾಯಿ ಬಗ್ಗಬೇಕಿಲ್ಲ. ಬಟ್ಟೆ ಬದಲಿಸಲು ಸೊಂಟದೆತ್ತರದ ಕಟ್ಟೆ, ಮಗು ಉರುಳದಂತೆ ಅದಕ್ಕೆ ನಾಲ್ಕು ಬೆರಳಿನ ಅಂಚು. ನಲ್ಲಿ, ಸಾಬೂನು, ಮುಚ್ಚಳದ ಕಸದ ಡಬ್ಬಿ, ಮೇಲಿನಿಂದ ಗಾಳಿ ಬರುವ ಕಿಂಡಿ, ರಾತ್ರಿ ದೀಪ. ಶೌಚಾಲಯದ ಮೂಲೆಯಲ್ಲಿ ಇದನ್ನು ಮಾಡಬಾರದು. ನಿಲ್ದಾಣದ ಹಿಂಬದಿಯಲ್ಲೂ ಬೇಡ, ಬಸ್ಸಿನ ಹೆಸರು ಕೂಗಿದ್ದು ಒಳಗೆ ಕೇಳಿಸಬೇಕು. ಕೇಳಿಸದಿದ್ದರೆ ಬಸ್ಸು ತಪ್ಪುವ ಭಯಕ್ಕೆ ಯಾರೂ ಒಳಹೋಗುವುದಿಲ್ಲ, ನಾಲ್ಕು ತಿಂಗಳಲ್ಲಿ ಅದು ಪೊರಕೆ, ಹಳೇ ಟೈರು ಇಡುವ ಕೋಣೆಯಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬೀಗ ಹಾಕಿ ಕೀಲಿಯನ್ನು ಸಂಚಾರ ನಿಯಂತ್ರಕರ ಮೇಜಿನಲ್ಲಿಡುವ ಪದ್ಧತಿ ಬೇಡ. ಅಳುವ ಕೂಸನ್ನೆತ್ತಿಕೊಂಡು ಗಂಡಸರ ಸಾಲಿನಲ್ಲಿ ನಿಂತು ಆ ಕೀಲಿ ಕೇಳುವ ಬಾಣಂತಿಯರು ತೀರಾ ಕಡಿಮೆ. ಸಾರ್ವಜನಿಕ ಸ್ಥಳಗಳಲ್ಲಿ ಇಂಥ ಕೊಠಡಿಗಳ ಬಗ್ಗೆ ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಸಾರಿಗೆ ಸಂಸ್ಥೆಯ ನಿಲ್ದಾಣಗಳಷ್ಟೇ ಅಲ್ಲ, ನಮ್ಮಲ್ಲಿ ಒಳನಾಡಿನ ಊರುಗಳಿಗೆ ಹೋಗುವವರ ಆಧಾರವಾದ ಖಾಸಗಿ ಬಸ್ ನಿಲ್ದಾಣಗಳಲ್ಲೂ ಸ್ಥಳೀಯ ಸಂಸ್ಥೆಗಳು ಇದನ್ನು ಮಾಡಬೇಕು.

ಶಕ್ತಿ ಯೋಜನೆ 2023ರ ಜೂನ್ 11ರಂದು ಜಾರಿಯಾದ ಮೇಲೆ ಸರ್ಕಾರಿ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ಇದು ಬಾಣಂತಿಯರಿಗೆ ದೊಡ್ಡ ಉಪಕಾರ. ನೂಕುನುಗ್ಗಲಿನಲ್ಲಿ ಅವರಿಗೆ ಸರಿಯಾದ ಸೀಟು ಕೊಡಿಸುವುದು ಕಂಡಕ್ಟರರ ಕೈಯಲ್ಲಿದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸಾಲುಗಳಲ್ಲಿ ಕುಲುಕು ಕಡಿಮೆ. ಹಿಂದಿನ ಉದ್ದ ಸೀಟು ಗುಂಡಿಗೊಮ್ಮೆ ಎತ್ತಿ ಹಾಕುತ್ತದೆ. ಬಾಗಿಲ ಪಕ್ಕದ್ದೂ ಬೇಡ. ಮಗುವನ್ನು ಹತ್ತಿಯ ಸೀರೆಯಲ್ಲಿ ಎದೆಗೆ ಬಿಗಿಯಾಗಿ ಕಟ್ಟಿಕೊಂಡರೆ ಕಂಬಿ ಹಿಡಿಯಲು ಎರಡೂ ಕೈ ಬಿಡುವಾಗುತ್ತವೆ. ಕಟ್ಟಿದ ಮೇಲೆ ಮೂರು ವಿಷಯ ನೋಡಬೇಕು: ಮುಖ ಪೂರ್ತಿ ಕಾಣುತ್ತಿದೆಯೇ, ಗದ್ದ ಎದೆಗೆ ಒತ್ತದೆ ನಡುವೆ ಎರಡು ಬೆರಳಿನ ಜಾಗವಿದೆಯೇ, ಬೆನ್ನು ಕುಸಿದಿಲ್ಲವೇ. ಎಳೆಗೂಸಿನ ಶ್ವಾಸನಾಳ ಮೆದು. ಗದ್ದ ಎದೆಗೆ ಒತ್ತಿಕೊಂಡರೆ ಸದ್ದಿಲ್ಲದೆ ಉಸಿರು ಕಟ್ಟುತ್ತದೆ, ನಿದ್ದೆ ಮಾಡುತ್ತಿದೆ ಎಂದುಕೊಂಡು ಯಾರೂ ಗಮನಿಸುವುದಿಲ್ಲ. ತೊಡೆಯ ಮೇಲೆ ಮಲಗಿಸಿಕೊಂಡರೆ ತಲೆ ಓಡಾಡುವ ದಾರಿಯ ಕಡೆಗಿರಬಾರದು, ಹತ್ತುವವರ ಚೀಲ ಬಡಿಯುತ್ತದೆ. ಕಿಟಕಿಯ ಕಡೆಗಿರಲಿ, ತಲೆಗೂ ತಗಡಿಗೂ ನಡುವೆ ತಾಯಿಯ ಮೊಣಕೈ ಇರಲಿ. ಬ್ರೇಕ್ ಹಾಕಿದಾಗ ಪೆಟ್ಟು ಬೀಳುವುದು ಮುಂದಿನ ಸೀಟಿನ ಕಂಬಿಯಿಂದ. ಅದಕ್ಕೊಂದು ಟವೆಲ್ ಸುತ್ತುವುದು ಒಳ್ಳೆಯದು.

ಮಡಿಕೇರಿಯಿಂದ ಸುಳ್ಯಕ್ಕೆ ಇಳಿಯುವಷ್ಟರಲ್ಲಿ ಸುಮಾರು ಸಾವಿರ ಮೀಟರ್ ಎತ್ತರ ಕಳೆಯುತ್ತದೆ. ದೊಡ್ಡವರ ಕಿವಿ ಕಟ್ಟಿದಂತೆ ಮಗುವಿನದೂ ಕಟ್ಟುತ್ತದೆ. ನುಂಗಿದಾಗ ಬಿಡುತ್ತದೆ, ಆದ್ದರಿಂದ ಇಳಿಜಾರಿನಲ್ಲಿ ಅತ್ತರೆ ನೇರ ದಾರಿ ಸಿಕ್ಕಾಗ ಎದೆಗೆ ಹಿಡಿಯಬಹುದು. ಶೀತವಾಗಿ ಮೂಗು ಕಟ್ಟಿದ್ದರೆ ನೋವು ಹೆಚ್ಚು, ಸಾಧ್ಯವಾದರೆ ಪ್ರಯಾಣ ಮುಂದೂಡಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಬಸ್ಸಿನ ವಾಂತಿ ಅಪರೂಪ. ದಾರಿಯುದ್ದಕ್ಕೂ ಮಲಗಿರಲೆಂದು ವಾಂತಿ ನಿಲ್ಲಿಸುವ ಅಥವಾ ಶೀತದ ಔಷಧಿಯನ್ನು ನಾಲ್ಕು ಹನಿ ಹಾಕುವವರಿದ್ದಾರೆ. ಪ್ರೊಮೆಥಜೀನ್ ಇರುವ ಔಷಧಿ ಎರಡು ವರ್ಷದೊಳಗಿನ ಮಗುವಿನ ಉಸಿರಾಟವನ್ನೇ ನಿಲ್ಲಿಸಬಲ್ಲದು. ದಯವಿಟ್ಟು ಯಾರೂ ಹಾಕಬೇಡಿ.

ಕಾರಿನಲ್ಲಿ ಹೋಗುವವರು ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಳ್ಳುವುದು ನಮ್ಮಲ್ಲಿ ದಿನವೂ ಕಾಣುವ ನೋಟ. ಡಿಕ್ಕಿಯ ರಭಸಕ್ಕೆ ಯಾವ ಕೈಯ ಹಿಡಿತವೂ ಉಳಿಯುವುದಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನವರನ್ನು ಬೆಲ್ಟಿನಲ್ಲೋ ಮಕ್ಕಳ ಸೀಟಿನಲ್ಲೋ ಕೂರಿಸದಿದ್ದರೆ ಸಾವಿರ ರೂಪಾಯಿ ದಂಡ. ಕೂಸಿನ ಸೀಟು ಹಿಂಬದಿಯಲ್ಲಿ, ಹಿಮ್ಮುಖವಾಗಿ ಇರಬೇಕು. ಏರ್‌ಬ್ಯಾಗ್ ಇರುವ ಮುಂದಿನ ಸೀಟಿಗೆ ಎಂದೂ ಕಟ್ಟಬಾರದು. ಕೊಡಗಿನ ಚಳಿಗೆ ದಪ್ಪ ಸ್ವೆಟರ್ ಹಾಕಿ ಬೆಲ್ಟ್ ಬಿಗಿಯುತ್ತಾರೆ. ಪೆಟ್ಟಾದಾಗ ಉಣ್ಣೆ ಅದುಮಿಕೊಂಡು ಬೆಲ್ಟ್ ಸಡಿಲವಾಗುತ್ತದೆ, ಮಗು ಜಾರುತ್ತದೆ. ಮೊದಲು ಬೆಲ್ಟ್, ಅದರ ಮೇಲೆ ಹೊದಿಕೆ. ಎರಡು ಗಂಟೆಗೊಮ್ಮೆ ಮಗುವನ್ನು ಹೊರತೆಗೆದು ಮಲಗಿಸಬೇಕು. ಮಳೆಗಾಲದಲ್ಲಿ ರಸ್ತೆ ಬದಿಯ ಹುಲ್ಲಿನ ಮೇಲೆ ಮಾತ್ರ ಬೇಡ, ಇಂಬಳದ ಕಾಟ ಎಲ್ಲರಿಗೂ ಗೊತ್ತು. ಬೈಕಿನಲ್ಲಿ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ನಿಯಮ ಇದು: ಮಗುವನ್ನು ಸವಾರರಿಗೆ ಸೇರಿಸಿ ಕಟ್ಟುವ ಸುರಕ್ಷಾ ಪಟ್ಟಿ, ಒಂಬತ್ತು ತಿಂಗಳು ತುಂಬಿದವರಿಗೆ ಹೆಲ್ಮೆಟ್, ಗಂಟೆಗೆ 40 ಕಿಲೋಮೀಟರಿಗೆ ಮೀರದ ವೇಗ. ಒಂಬತ್ತು ತಿಂಗಳಿಗಿಂತ ಚಿಕ್ಕ ಕೂಸಿಗೆ ಬೈಕ್ ಬೇಡವೇ ಬೇಡ.

ಉಡುಪಿನ ವಿಷಯದಲ್ಲಿ ದೊಡ್ಡವರಿಗಿಂತ ಒಂದು ಪದರ ಹೆಚ್ಚು ಸಾಕು. ಕೈಕಾಲು ತಣ್ಣಗಿದೆಯೆಂದು ಇನ್ನಷ್ಟು ಹೊದಿಸಬಾರದು, ಎಳೆಯ ಮಕ್ಕಳ ಕೈಕಾಲು ತಣ್ಣಗಿರುವುದೇ ಸಹಜ. ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಬೇಕು. ಬೆವರಿದ್ದರೆ ಕುಲಾವಿ ತೆಗೆಯಬೇಕು. ಗಾಳಿಗೋ ದೃಷ್ಟಿಗೋ ಹೆದರಿ ಮುಖದ ಮೇಲೆ ಶಾಲು ಎಳೆಯುವುದು ಅಪಾಯ.

ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಯ ದಿನವೂ ಮರುದಿನವೂ ದೂರ ಪ್ರಯಾಣ ಇಟ್ಟುಕೊಳ್ಳದಿರುವುದು ಲೇಸು, ಜ್ವರ ಬರುವ ಸಮಯವದು. ಪ್ಯಾರಾಸಿಟಮಾಲ್ ಡ್ರಾಪ್ಸ್ ಮತ್ತು ಸಿರಪ್ ಒಂದೇ ಅಲ್ಲ. ಸಾಮಾನ್ಯವಾಗಿ ಡ್ರಾಪ್ಸಿನ ಒಂದು ಮಿ.ಲೀ.ನಲ್ಲಿ 100 ಮಿ.ಗ್ರಾಂ. ಇದ್ದರೆ, ಸಿರಪ್ಪಿನಲ್ಲಿ ಇರುವುದು ಸುಮಾರು 25. ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಹೆಚ್ಚಾಗುತ್ತದೆ. ಎಷ್ಟು ಕೊಡಬೇಕೆಂದು ಮಗುವಿನ ತೂಕ ನೋಡಿ ದಾದಿಯರು ಹೇಳಿದ್ದನ್ನು ತಾಯಿ ಕಾರ್ಡಿನ ಮೇಲೆಯೇ ಬರೆಸಿಕೊಳ್ಳಿ, ಕಾರ್ಡು ಪ್ರಯಾಣದ ಚೀಲದಲ್ಲಿರಲಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಬಂದರೆ, ಹಾಲು ಕುಡಿಯದೆ ಮಂಕಾದರೆ, ಉಸಿರೆಳೆಯುವಾಗ ಪಕ್ಕೆ ಒಳಹೋದರೆ ಊರು ತಲುಪುವವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತವರನ್ನು ಮನೆಗೆ ಬಿಡುವ ವಾಹನ ಉಚಿತ. ಬಿಡುಗಡೆಯ ಚೀಟಿ ಕೈಗೆ ಬರುವ ಮುಂಚೆಯೇ ಕೇಳಿದರೆ ಕಾಫಿ ತೋಟದ ಲೈನ್ ಮನೆಗಳ ತಾಯಂದಿರು ಹಸುಗೂಸಿನೊಂದಿಗೆ ಜೀಪಿಗೆ ಕಾಯುವುದು ತಪ್ಪುತ್ತದೆ.

ಇನ್ನೊಂದು ಬೇಡಿಕೆ ಮಳೆಗಾಲದ್ದು. 2018ರ ಆಗಸ್ಟಿನ ಭೂಕುಸಿತದ ನಂತರ ಮಂಗಳೂರು ರಸ್ತೆ ಬಂದ್ ಆಗುವುದೆಂದರೆ ಏನೆಂದು ಜಿಲ್ಲೆಗೆ ಗೊತ್ತು. ಮಣ್ಣು ಕುಸಿದೋ ಮರ ಬಿದ್ದೋ ಬಸ್ಸು ನಡುದಾರಿಯಲ್ಲಿ ನಿಂತರೆ ಮೂರು ಗಂಟೆಯ ಪ್ರಯಾಣ ಆರಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವ ಮುಂಚೆಯೇ ನಿಲ್ದಾಣದ ಫಲಕದಲ್ಲಿ ಘಾಟಿಯ ಸ್ಥಿತಿ ಬರೆದು ಹಾಕಲಿ, ಮಾರ್ಗ ಬದಲಾಗಿದ್ದರೆ ಎಷ್ಟು ತಡ ಎಂಬುದನ್ನು ಕಂಡಕ್ಟರರು ಹತ್ತುವಾಗಲೇ ಹೇಳಲಿ. ಆಗ ತಾಯಿ ಹೆಚ್ಚುವರಿ ನಾಲ್ಕು ಒಣ ಬಟ್ಟೆ ಇಟ್ಟುಕೊಳ್ಳುತ್ತಾಳೆ, ಇಲ್ಲವೇ ಆ ದಿನ ಹೊರಡುವುದನ್ನೇ ಬಿಡುತ್ತಾಳೆ.

ಇಂತಿ,
ತಾಯಿ-ಮಗುವಿನ ಆರೈಕೆಯ ಕೆಲಸದಲ್ಲಿರುವ ಓದುಗರು, ಮಡಿಕೇರಿ